ವೈವಾಕ್ಕೆ ಬಂದ ಹಲಸಿನಕಾಯಿ

ಅಡುಗೆ ಮಾಡಿದವಳಿಗಿಂತ ಬಡಿಸಿದವಳೇ ಮೇಲು ಅನ್ನುವ ಗಾದೆ ಎಲ್ಲಿ ಸುಳ್ಳಾದರೂ ಎಂ.ಕಾಂ. ವೈವಾದಲ್ಲಿ ಸುಳ್ಳಾಗುವುದಿಲ್ಲ. ಮಕ್ಕಳು ತಿಂಗಳುಗಟ್ಟಲೆ ಊರೂರು ಸುತ್ತಿ ಪ್ರಾಜೆಕ್ಟ್ ರಿಪೋರ್ಟು ಬರೆಯುತ್ತಾರೆ. ಆದರೆ ಮಾರ್ಕ್ಸ್ ಬೀಳುವುದು ಹೊರಗಿನಿಂದ ಬಂದ ಪರೀಕ್ಷಕರ ಮುಂದೆ ಅದನ್ನು ಬಡಿಸುವ ಹದಿನೈದು ನಿಮಿಷಕ್ಕೆ. ನಾನು ಕೊಪ್ಪದ ಕಾಲೇಜೊಂದರಲ್ಲಿ ಪಾಠ ಮಾಡುವವಳು. ಪ್ರತಿ ವರ್ಷ ಈ ಬಡಿಸಾಟದಲ್ಲಿ ಏನಾದರೊಂದು ಚೆಲ್ಲಿಯೇ ಚೆಲ್ಲುತ್ತದೆ. ಈ ಸಲವಂತೂ ಒಂದೇ ದಿನ ಎಲ್ಲ ಚೆಲ್ಲಿತು.

ಅವತ್ತು ನನಗೆ ನಗು ಬರುವ ಸ್ಥಿತಿ ಇರಲಿಲ್ಲ. ಪಟ್ಟಿಯ ಕೊನೆಯಲ್ಲಿ ಜಯಪುರದ ಹುಡುಗಿಯೊಬ್ಬಳಿದ್ದಳು. ಹೋದ ವರ್ಷದ ವೈವಾದಲ್ಲಿ ಹದಿನೈದು ನಿಮಿಷವೂ ನೆಲ ನೋಡುತ್ತ ನಿಂತು, ಒಂದಕ್ಷರ ಆಡದೆ ಫೇಲಾದವಳು. ಈ ಸಲವೂ ಬಾಯಿ ಬಿಡದಿದ್ದರೆ ಡಿಗ್ರಿಯ ಆಸೆ ಬಿಡಬೇಕು. ಅವಳ ರಿಪೋರ್ಟೋ ಇಡೀ ಕ್ಲಾಸಿಗೇ ಒಳ್ಳೆಯದು. ನನ್ನ ಸಂಕಟ ಅದೇ.

ಬಂದ ಪರೀಕ್ಷಕರು ಬಯಲುಸೀಮೆಯವರು, ಕಟ್ಟುನಿಟ್ಟಿನ ಮನುಷ್ಯ. ಎಲ್ಲರಿಗೂ ಅವರ ಮೊದಲ ಪ್ರಶ್ನೆ ಒಂದೇ. "ನಿಮ್ಮ ರಿಪೋರ್ಟನ್ನ ನೀವಾದ್ರೂ ಓದಿದ್ದೀರೇನು?"

೧. ಸೋಲೊಪ್ಪದ ಅರ್ಥಧಾರಿ

ಮೊದಲು ಬಂದವನು ಶೃಂಗೇರಿ ಕಡೆಯ ಹುಡುಗ. ಊರಿನಲ್ಲಿ ತಾಳಮದ್ದಲೆ ಕೂಟ ನಡೆದರೆ ಇವನ ಅರ್ಥ ಇರಲೇಬೇಕು. ವೇಷವಿಲ್ಲದೆ ಕೂತು ಮಾತಿನಲ್ಲೇ ಯುದ್ಧ ಮಾಡುವ ಕಲೆ ಅದು. ಅಲ್ಲಿ ಎದುರಾಳಿಯ ಮಾತು ಒಪ್ಪಿದವನು ಕೆಟ್ಟ. ಪ್ರಾಜೆಕ್ಟ್ ಪ್ರೆಸೆಂಟೇಶನ್ ಅಂದರೂ ಅದೇ ಅಂದುಕೊಂಡುಬಿಟ್ಟಿದ್ದ.

ನಿಲ್ಲು ಎಂದರೆ ಕೂತ. ಹೆಗಲ ಮೇಲೆ ಇಲ್ಲದ ಶಾಲು ಸರಿಮಾಡಿಕೊಂಡ. ಹತ್ತು ನಿಮಿಷ ಬರೀ ಪೀಠಿಕೆ. ಪರೀಕ್ಷಕರು ತಡೆದು, ಸರ್ವೆಗೆ ಐವತ್ತೇ ಅಂಗಡಿ ನೋಡಿದ್ದೀರಲ್ಲ, ಕಡಿಮೆಯಾಗಲಿಲ್ಲವೇ ಎಂದರು. ಹುಡುಗ ಮುಗುಳ್ನಕ್ಕ.

"ಐವತ್ತು ಅಲ್ಪವೆನ್ನುವ ತಾವು, ನೂರಾದರೆ ಅಧಿಕವೆಂದು ಒಪ್ಪುವಿರೋ?"

ಪರೀಕ್ಷಕರು ಅಲ್ಲಿಗೆ ಸುಮ್ಮನಾಗಿದ್ದರೆ ಮುಗಿಯುತ್ತಿತ್ತು. ಅವರು ಉತ್ತರ ಕೊಟ್ಟರು. ಇವನು ಅದಕ್ಕೆ ಪ್ರತ್ಯುತ್ತರ ಕೊಟ್ಟ. ಮುಕ್ಕಾಲು ಗಂಟೆಯಾದರೂ ಇಬ್ಬರಲ್ಲಿ ಯಾರೂ ಸೋಲಲಿಲ್ಲ. ಬಾಗಿಲಲ್ಲಿ ನಿಂತು ಕೇಳುತ್ತಿದ್ದ ನಮ್ಮ ಅಟೆಂಡರ್ ನನ್ನ ಕಿವಿಯ ಹತ್ತಿರ ಬಗ್ಗಿದ. "ಮೇಡಂ, ತಾಳಮದ್ದಲೇಲಿ ಮಾತು ಉದ್ದ ಆದ್ರೆ ಹಾಡೋ ಭಾಗವತ್ರು ಜಾಗಟೆ ಹೊಡ್ದು ಮುಂದಿನ ಪದ ಎತ್ತಬೇಕು. ಇಲ್ದಿದ್ರೆ ಇದು ನಾಳೆಗೂ ಮುಗಿಯಲ್ಲ."

ಹೋಗಿ ಕಾಲೇಜಿನ ಗಂಟೆ ಹೊಡೆಯಪ್ಪಾ ಎಂದೆ. ಗಂಟೆಯ ಸದ್ದು ಕೇಳಿದ್ದೇ ತಡ, ಹುಡುಗ ಅರ್ಧ ವಾಕ್ಯದಲ್ಲಿ ಮಾತು ನಿಲ್ಲಿಸಿ, ಕೈಮುಗಿದು ಎದ್ದು ಹೋದ. ಇಡೀ ಕಾಲೇಜಿನ ಮಕ್ಕಳೂ ಊಟದ ಬೆಲ್ಲೆಂದು ಎದ್ದು ಹೋದರು.

೨. ಹುಣ್ಣಿಮೆ ಚಂದ್ರ

ಎರಡನೆಯವನು ಎನ್.ಆರ್. ಪುರ ತಾಲ್ಲೂಕಿನ ಸೀತೂರು ಕಡೆಯವನು. ಹಳ್ಳಿಯ ಸೊಸೈಟಿ ಸೇವೆ ಹೇಗಿದೆ ಎಂದು ಜನರನ್ನು ಕೇಳಿ ಬಂದಿದ್ದ. ಉತ್ತರ ಆರಿಸಲು ಐದು ಆಯ್ಕೆ ಕೊಟ್ಟಿದ್ದ: ತುಂಬ ಚೆನ್ನಾಗಿದೆ, ಚೆನ್ನಾಗಿದೆ, ಅಡ್ಡಿಲ್ಲ, ಚೆನ್ನಾಗಿಲ್ಲ, ತೀರಾ ಕೆಟ್ಟದು. ಪರದೆಯ ಮೇಲೆ ಪೈ ಚಾರ್ಟ್ ಮೂಡಿತು. ದೊಡ್ಡದೊಂದು ದುಂಡನೆಯ ಹಳದಿ ವೃತ್ತ, ಒಂದು ಗೆರೆಯೂ ಇಲ್ಲ.

ಇದೇನು ಹುಣ್ಣಿಮೆ ಚಂದ್ರನೇ ಎಂದರು ಪರೀಕ್ಷಕರು. ಎಲ್ಲರೂ ಅಡ್ಡಿಲ್ಲ ಅಂದರು ಸಾರ್ ಎಂದ. ಮನೆಯಲ್ಲೇ ಕೂತು ಫಾರಂ ತುಂಬಿದ್ದೀಯ ಎಂದು ಅವರು ರೇಗಿದರು. ನಮ್ಮ ಜನ ಯಾವುದನ್ನೂ ಬಾಯ್ತುಂಬ ಹೊಗಳುವವರಲ್ಲ, ಮುಖಕ್ಕೆ ಹೊಡೆದಂತೆ ತೆಗಳುವವರೂ ಅಲ್ಲ ಎಂದು ನಾನೆಷ್ಟು ಹೇಳಿದರೂ ನಂಬಲಿಲ್ಲ. ಉತ್ತರ ಕೊಟ್ಟವರ ಪಟ್ಟಿಯಲ್ಲಿದ್ದ ಒಬ್ಬ ಯಜಮಾನರಿಗೆ ಫೋನ್ ಮಾಡಿಸಿ, ಸ್ಪೀಕರ್ ಹಾಕಿಸಿ, ಹೇಗಿದ್ದೀರಿ ಎಂದು ತಾವೇ ಕೇಳಿದರು.

"ಅಡ್ಡಿಲ್ಲ ಮಾರಾಯ್ರೆ. ನಿನ್ನೆ ಬೈಕಿಂದ ಬಿದ್ದು ಕಾಲು ಮುರೀತು. ಆಸ್ಪತ್ರೇಲಿದೀನಿ."

ಪರೀಕ್ಷಕರು ತಡವರಿಸಿ, ಆಸ್ಪತ್ರೆ ಹೇಗಿದೆ ಎಂದರು.

"ಅದೂ ಅಡ್ಡಿಲ್ಲ."

೩. ಕೈಗೆ ಕೆಲಸ

ಕೊನೆಗೆ ಉಳಿದವಳು ನನ್ನ ಜಯಪುರದ ಹುಡುಗಿ.

ಹಿಂದಿನ ವಾರ ಧೈರ್ಯ ಹೇಳಲೆಂದು ಅವಳ ಮನೆಗೆ ಹೋಗಿದ್ದೆ. ಹಪ್ಪಳದ ಕಾಲ. ಹೆಂಗಸರೆಲ್ಲ ಸುತ್ತ ಕೂತು ಬಲಿತ ಹಲಸಿನಕಾಯಿಯ ತೊಳೆ ಬಿಡಿಸುತ್ತಿದ್ದರು. ಅವಳ ಪ್ರಾಜೆಕ್ಟೂ ಹಲಸಿನ ಹಪ್ಪಳದ ಮಾರಾಟದ ಬಗ್ಗೆಯೇ. ಸುಮ್ಮನೆ ಒಂದು ಪ್ರಶ್ನೆ ಕೇಳಿದೆ. ಹುಡುಗಿ ತಲೆ ಎತ್ತದೆ, ತೊಳೆ ಬಿಡಿಸುತ್ತ, ಇಡೀ ಪ್ರಾಜೆಕ್ಟು ಹೇಳಿಬಿಟ್ಟಳು. ಜೊತೆಗೆ ನನ್ನ ಮಾರ್ಕೆಟಿಂಗ್ ಪಾಠ ಯಾರಿಗೂ ಅರ್ಥವಾಗಿರಲಿಲ್ಲ ಎಂದೂ ಹೇಳಿದಳು. ಕಾಯಿ ಮುಗಿಯಿತು, ಕೈ ಒರೆಸಿಕೊಂಡಳು, ಮತ್ತೆ ಮೂಕಿ. ಅವಳ ಅಮ್ಮ ನಕ್ಕರು. "ಅದಕ್ಕೆ ಕೈಲಿ ಕೆಲ್ಸ ಇದ್ರೆ ಮಾತ್ರ ಬಾಯಿ ಬರೋದು ಮೇಡಂ."

ಹಾಗಾಗಿ ವೈವಾಕ್ಕೆ ಅವಳು ಪೆನ್‌ಡ್ರೈವ್ ತರಲಿಲ್ಲ. ಗೋಣಿಚೀಲದಲ್ಲಿ ಒಂದು ಹಲಸಿನಕಾಯಿ, ಕತ್ತಿ, ಎಣ್ಣೆಯ ಬಾಟ್ಲಿ ತಂದಳು. ಮೊದಲೇ ಎರಡು ಪೆಟ್ಟು ತಿಂದಿದ್ದ ಪರೀಕ್ಷಕರು ನನ್ನ ಮುಖ ನೋಡಿದರು. ಪ್ರಾತ್ಯಕ್ಷಿಕೆ ಸಾರ್ ಎಂದೆ.

ಟೇಬಲ್ಲಿನ ಮೇಲೆ ಪೇಪರ್ ಹಾಸಿ, ಕೈಗೆ ಎಣ್ಣೆ ಹಚ್ಚಿ, ಕಾಯಿ ಸೀಳಿದಳು. ಮೊದಲ ತೊಳೆಯ ಜೊತೆಗೇ ಮೊದಲ ಮಾತು ಬಂತು. ಆಮೇಲೆ ನಿಲ್ಲಲಿಲ್ಲ. ಯಾವ ಮನೆಯಲ್ಲಿ ಎಷ್ಟು ಜನ ಕೂತು ಮಾಡುತ್ತಾರೆ, ಪೇಟೆಯಲ್ಲಿ ಯಾಕೆ ಇವರ ಹಪ್ಪಳ ಹಿಂದೆ ಬೀಳುತ್ತದೆ, ಏನು ಮಾಡಬಹುದು, ಎಲ್ಲ. ಕೇಳಿದ ಒಂದೊಂದು ಪ್ರಶ್ನೆಗೂ ಉತ್ತರ. ನನಗೆ ಕಣ್ಣು ತುಂಬಿತು, ಸುಳ್ಳೇಕೆ ಹೇಳಲಿ.

ಹಲಸಿನಕಾಯಿ ಬಿಡಿಸುವ ಕಡೆ ಕೈಕಟ್ಟಿ ಕೂರುವುದು ನಮ್ಮಲ್ಲಿ ಮರ್ಯಾದೆಯಲ್ಲ. ಮೊದಲು ನಾನು ಕೈ ಹಾಕಿದೆ, ಆಮೇಲೆ ಅಟೆಂಡರ್. ಕೇಳುತ್ತ ಕೇಳುತ್ತ ಪರೀಕ್ಷಕರೂ ಕುರ್ಚಿ ಮುಂದೆಳೆದುಕೊಂಡು, ತಮಗೇ ಗೊತ್ತಿಲ್ಲದೆ ಒಂದು ಹೋಳು ಎತ್ತಿಕೊಂಡರು. ಕಾಯಿ ಖಾಲಿಯಾಗುವ ಹೊತ್ತಿಗೆ ವೈವಾವೂ ಮುಗಿದಿತ್ತು.

"ನಾನು ವೈವಾ ಮಾಡಿದ ನಾಲ್ಕು ವರ್ಷದಲ್ಲಿ ಇಷ್ಟು ಚೆನ್ನಾಗಿ ಯಾರೂ ಹೇಳಿಲ್ಲ," ಎಂದು ಅವರು ಅಂಕಪಟ್ಟಿಗೆ ಕೈ ಹಾಕಿದರು. ಪಟ್ಟಿ ಅಂಗೈಗೆ ಅಂಟಿತು. ಬಿಡಿಸಲು ಹೋದರೆ ಇನ್ನೊಂದು ಕೈಗೂ ಅಂಟಿತು. ಪೆನ್ನು ಹಿಡಿದರೆ ಪೆನ್ನು ಬಿಡಲಿಲ್ಲ. ಎಣ್ಣೆ ಹಚ್ಚದೆ ಕೂತಿದ್ದರು ಪುಣ್ಯಾತ್ಮರು. ಹತ್ತು ಬೆರಳಲ್ಲೂ ಹಲಸಿನ ಮೇಣ. ಹರಿಯುತ್ತದೆ ಎಂದು ಅಟೆಂಡರ್ ಕೂಗಿದ. ಸಹಿ ಬೀಳದೆ ಪಟ್ಟಿ ಹರಿದರೆ ಹುಡುಗಿಯ ಗತಿಯೇನೆಂದು ನಾನು ಪಟ್ಟಿಯ ತುದಿ ಹಿಡಿದುಕೊಂಡೆ.

"ಇದು ಹೋಗೋದು ಹೇಗಮ್ಮಾ?" ಎಂದು ಅವರು ಅವಳನ್ನೇ ಕೇಳಿದರು.

ಅವಳು ಅಷ್ಟರಲ್ಲಿ ಕೈ ಒರೆಸಿಕೊಂಡಾಗಿತ್ತು. ನೆಲ ನೋಡುತ್ತ ನಿಂತಳು. ಅವರು ಇನ್ನೊಮ್ಮೆ ಕೇಳಿದರು. ಊಹೂಂ. ಇಷ್ಟು ಹೊತ್ತು ಮಾತಾಡಿದ್ದು ಇವಳೇನಾ ಎಂದು ಅವರು ನನ್ನ ಕಡೆ ತಿರುಗಿದರು. ನಾನು ಟೇಬಲ್ಲಿನಿಂದ ಒಂದು ಹಿಡಿ ಹಲಸಿನ ಬೀಜ ಬಾಚಿ ಅವಳ ಕೈಗೆ ತುರುಕಿದೆ.

ಹುಡುಗಿ ಒಂದು ಬೀಜದ ಸಿಪ್ಪೆ ಸುಲಿದಳು.

"ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕಬೇಕು ಸಾರ್. ಹನ್ನೆರಡನೇ ಪುಟದಲ್ಲಿ ಬರ್ದಿದೀನಿ." ಇನ್ನೊಂದು ಬೀಜ ಸುಲಿದಳು. "ನೀವು ನನ್ನ ರಿಪೋರ್ಟ್ ಓದೇ ಇಲ್ಲ ಅಲ್ವಾ?"

ಪರೀಕ್ಷಕರು ಎಣ್ಣೆಗೆ ಕೈ ಒಡ್ಡಿದರು. ಹುಡುಗಿ ಪಾಸಾದಳು, ಕ್ಲಾಸಿಗೇ ಮೊದಲಿಗಳಾಗಿ. ಆ ಅಂಕಪಟ್ಟಿಯ ಕೊನೆಯಲ್ಲಿ ಪರೀಕ್ಷಕರ ಇಂಗ್ಲಿಷ್ ಸಹಿ ಇದೆ, ಪಕ್ಕದಲ್ಲೇ ಅವರ ಎಣ್ಣೆಗೈಯ ಹೆಬ್ಬೆಟ್ಟೂ ಇದೆ.