ರೇವಣಸಿದ್ದನ ನಲವತ್ತೆರಡು ಅಡುಗೆಮನೆಗಳು

ಚಿತ್ತಾಪುರದಲ್ಲಿ ಮನೆಮನೆಗೆ ಕ್ಯಾಮರಾ ಕೂಡಿಸುವ ರೇವಣಸಿದ್ದನಿಗೆ ಒಂದು ಸೋಮಾರಿ ಅಭ್ಯಾಸ. ಯಾರ ಮನೆಯದಾದರೂ ಮೊದಲು ತನ್ನ ಫೋನಿಗೇ ಜೋಡಿಸಿಕೊಂಡು, ಆಮೇಲೆ ಯಜಮಾನನ ಫೋನಿಗೆ ಕೊಡುತ್ತಿದ್ದ. ತನ್ನ ಫೋನಿನ ಜೋಡಣೆ ತೆಗೆಯುವುದು ಮರೆತೇ ಹೋಗುತ್ತಿತ್ತು.

ಅವತ್ತು ಬೆಳಿಗ್ಗೆ ತನ್ನ ಅಂಗಡಿಯಲ್ಲಿ ಚಹಾ ಕುಡಿಯುತ್ತಿದ್ದಾಗ ಫೋನು ಟಿಣ್ ಎಂದಿತು. ತೆರೆದರೆ ಜಯಮಾಲಾಳ ಅಡುಗೆಮನೆ! ಕಚೇರಿಯಲ್ಲಿ ಕೂತ ಅವಳ ಗಂಡ ಆನಂದಕುಮಾರ ಗೋಡೆಯ ಕ್ಯಾಮರಾದೊಳಗಿಂದ ಗದರುತ್ತಿದ್ದ: "ಯಾರ ಬಂದಾರ ಅಲ್ಲಿ? ಆ ಮುದುಕಿ ದಿನಾ ಯಾಕ ಬರಾಕತ್ಯಾಳ? ಹೊರಗ ಕಳಸು!"

ಕೊತ್ತಂಬರಿ ಕೊಡಲು ಬಂದಿದ್ದ ಪಕ್ಕದ ಮನೆಯ ನಜಮುನ್ನೀಸಾ ತೆಪ್ಪಗೆ ತಿರುಗಿ ಹೋದಳು. ಜಯಮಾಲಾ ಸೆರಗಿನಿಂದ ಕಣ್ಣೊರೆಸಿಕೊಂಡು ರೊಟ್ಟಿ ಬಡಿಯತೊಡಗಿದಳು.

ರೇವಣಸಿದ್ದ ಚಹಾದ ಲೋಟ ಕೆಳಗಿಟ್ಟ. ಆ ಕ್ಯಾಮರಾ ಕೂಡಿಸಿದ ಕೈ ತನ್ನದೇ. ಫೋನಿನಲ್ಲೇ ಗುಂಡಿ ಒತ್ತಿ ಆನಂದಕುಮಾರನನ್ನು ಆ ಕ್ಯಾಮರಾದ ಸಂಪರ್ಕದಿಂದ ಹೊರಗೆ ಹಾಕಿಬಿಟ್ಟ.

ಮರುಗಳಿಗೆಯೇ ಕರೆ ಬಂತು. "ಏ ರೇವಣ್ಯಾ, ಮನಿ ಕಾಣವಲ್ದಲ್ಲೋ!"

"ಮೋಡ ಆಗ್ಯಾದ ನೋಡ್ರಿ ಸರ, ಸಿಗ್ನಲ್ ಇಲ್ಲ."

ಹೊರಗೆ ಬಿಸಿಲು ಹಾಸುಗಲ್ಲನ್ನೇ ಹಂಚು ಮಾಡಿತ್ತು.

ಹುಲಿ ಹೊಡೆದವನಂತೆ ಮೀಸೆ ತಿರುವುತ್ತ ಅವಳ ಮನೆಗೆ ಹೋದ. "ಅಕ್ಕಾ, ಇನ್ನ ಅಂಜಬ್ಯಾಡ್ರಿ. ಸರ್‌ಗ ಏನೂ ಕಾಣಂಗಿಲ್ಲ. ನೀವು ಅಳೋದ ನೋಡಿ ನನಗ ಭಾಳ ಕೆಟ್ಟ ಅನಸ್ತು."

ಜಯಮಾಲಾಳ ಕೈ ಹಿಟ್ಟಿನಲ್ಲೇ ನಿಂತಿತು. "ನೀ ಎಲ್ಲಿಂದ ನೋಡ್ದಿ, ತಮ್ಮಾ?"

"ನನ್ನ ಫೋನಿನಾಗ್ರಿ..." ಮೀಸೆ ತಾನೇ ಕೆಳಗಿಳಿಯಿತು.

"ಅಂದ್ರ ಎರಡ ತಿಂಗಳಿಂದ ಇಬ್ಬರು ಗಂಡಸರ ಮುಂದ ರೊಟ್ಟಿ ಬಡದೀನಿ," ಎಂದಳು ಮೆಲ್ಲಗೆ.

ಬಾಗಿಲಿಗೆ ಬಂದು ನಿಂತಿದ್ದ ನಜಮುನ್ನೀಸಾ ಗಲ್ಲಕ್ಕೆ ಕೈ ಹಚ್ಚಿದಳು. "ಯಾ ಅಲ್ಲಾ! ಹಿಂಗ ಎಷ್ಟ ಮನಿ ಅದಾವೋ?"

"ನಲವತ್ತೆರಡ್ರಿ, ಖಾಲಾ."

ಜಯಮಾಲಾ ಸ್ಟೂಲು ಹತ್ತಿ ಕ್ಯಾಮರಾ ಕಿತ್ತಳು. "ಸಂಜಿಕ ಅವರು ಬಂದು ಕೇಳಿದ್ರ ಏನ ಹೇಳ್ಲಿ?" ಎಂದಳು.

"ಅಂಜಬ್ಯಾಡ, ಬೇಟಿ," ಎಂದಳು ನಜಮುನ್ನೀಸಾ. "ಸಂಜಿಕ ಓಣಿ ಹೆಣ್ಮಕ್ಕಳೆಲ್ಲ ಇಲ್ಲೇ ಕುಂದರ್ತೀವಿ. ಅದೇನ ಕೇಳ್ತಾನ, ನಮ್ಮನ್ನ ಕೇಳ್ಲಿ."

ಸುದ್ದಿ ಮುಟ್ಟಿಸಲು ಅವಳಿಗೆ ಫೋನು ಬೇಕಿರಲಿಲ್ಲ. ಓಣಿಯಲ್ಲಿ ನಿಂತು ಕೂಗಿದರೆ ಬಸ್‌ಸ್ಟ್ಯಾಂಡಿಗೆ ಕೇಳುತ್ತಿತ್ತು. ಮಧ್ಯಾಹ್ನಕ್ಕೆ ರೇವಣಸಿದ್ದನ ಅಂಗಡಿಯೆದುರು ರೇಷನ್ ಪಾಳಿಯಂತೆ ಹೆಂಗಸರು, ಒಬ್ಬೊಬ್ಬರ ಸೆರಗಿನಲ್ಲೂ ಕಿತ್ತ ಕ್ಯಾಮರಾ. ರೇವಣಸಿದ್ದ ತಲೆ ತಗ್ಗಿಸಿ, "ತಪ್ಪಾಯ್ತ್ರಿ ಅಕ್ಕಾ, ತಪ್ಪಾಯ್ತ್ರಿ ಅವ್ವಾ," ಎನ್ನುತ್ತ ಒಂದೊಂದೇ ತೆಗೆದುಕೊಂಡ. ನಲವತ್ತೆರಡೂ ಮುಗಿದವು. ಉಸ್ಸೆಂದ.

ಆಗ ಇನ್ನೊಂದು ಕೈ ಚಾಚಿತು.

ತಲೆ ಎತ್ತಿದರೆ ಅವನ ಹೆಂಡತಿ ಭುವನೇಶ್ವರಿ! ಒಂದು ಕೈಯಲ್ಲಿ ತಮ್ಮದೇ ಅಡುಗೆಮನೆಯ ಕ್ಯಾಮರಾ, ಇನ್ನೊಂದರಲ್ಲಿ ಬುತ್ತಿ.

"ಅದು... ನಿನ್ನ ಕಾಳಜಿಗೇ ಹಾಕಿದ್ನಲ್ಲ..."

"ಆ ಆನಂದಕುಮಾರ ಸರ್ರೂ ಹಂಗೇ ಅಂದಿರಬೇಕು. ಉಣ್ರಿ ಈಗ," ಎಂದಳು ಅವಳು, ಬುತ್ತಿಯನ್ನು ಮುಂದಿಡುತ್ತ. "ಇವತ್ತರೆ ಡಬ್ಬಿ ತಗಿಯೋತನಕ ಏನ್ ಪಲ್ಯ ಅಂತ ನಿಮಗ ಗೊತ್ತಾಗಂಗಿಲ್ಲ."