ನಾನು ಕೂತರೆ ಮಾತ್ರ ಸ್ಟಾರ್ಟ್ ಆಗದ ವ್ಯಾನು

ಪೂರ್ತಿ ಕೆಟ್ಟುಹೋದ ವಾಹನದ ಬಗ್ಗೆ ನನಗೆ ಗೌರವವಿದೆ. ಅದು ಕೆಟ್ಟಿದೆ ಎಂಬುದನ್ನು ನಾಲ್ಕು ಜನ ಒಪ್ಪುತ್ತಾರೆ, ಹಗ್ಗ ಕಟ್ಟಿ ಎಳೆದುಕೊಂಡು ಹೋಗುತ್ತಾರೆ, ಅದರ ಒಡತಿಯ ಮೇಲೆ ಒಂದಿಷ್ಟು ಕನಿಕರವನ್ನೂ ತೋರಿಸುತ್ತಾರೆ. ಒಮ್ಮೆ ಸ್ಟಾರ್ಟ್ ಆಗಿ ಒಮ್ಮೆ ಆಗದ ವಾಹನದ್ದು ಬೇರೆ ಮಾತು. ಡಾಕ್ಟರ ಬಾಗಿಲು ಕಂಡೊಡನೆ ನಿಂತುಹೋಗುವ ಹಲ್ಲುನೋವಿನ ಹಾಗೆ, ಯಾರಿಗೆ ತೋರಿಸಬೇಕೋ ಅವರ ಮುಂದೆ ಅದು ಸಭ್ಯವಾಗಿ ನಡೆದುಕೊಳ್ಳುತ್ತದೆ. ಆಗ ಜನ ವಾಹನವನ್ನು ಬಿಟ್ಟು ನಿಮ್ಮನ್ನು ಪರೀಕ್ಷಿಸತೊಡಗುತ್ತಾರೆ. ನೀವು ಹೆಂಗಸಾಗಿದ್ದರೆ ಪರೀಕ್ಷೆ ಬೇಗ ಮುಗಿಯುತ್ತದೆ.

ಹೈದರಾಬಾದಿನ ಮಾದಾಪುರದಲ್ಲಿ ಬಂಡೆ ಒಡೆದು ಗಾಜಿನ ಕಟ್ಟಡಗಳನ್ನು ಎಬ್ಬಿಸುತ್ತಿದ್ದ ವರ್ಷಗಳವು. ನಾವು ಸನತ್‌ನಗರದಲ್ಲಿದ್ದೆವು. ನಮ್ಮ ಯಜಮಾನರು ಜೀಡಿಮೆಟ್ಲಾದ ಒಂದು ಕಾರ್ಖಾನೆಯಲ್ಲಿ ಸ್ಟೋರ್ ಕೀಪರ್. ನಾನು ಜೋಳದ ರೊಟ್ಟಿಯ ಊಟ ಕಟ್ಟಿ ಮಾದಾಪುರದ ಒಂದು ಸಾಫ್ಟ್‌ವೇರ್ ಕಚೇರಿಗೆ ಒಯ್ಯುತ್ತಿದ್ದೆ. ಅಲ್ಲಿದ್ದ ಕಲಬುರಗಿ, ರಾಯಚೂರು, ವಿಜಾಪುರದ ಕಡೆಯ ಹುಡುಗ ಹುಡುಗಿಯರು ದಿನಾ ಅನ್ನ ತಿಂದು ಬೇಸತ್ತಿದ್ದರು. ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಕಂಡರೆ ಅವರ ಮುಖವೇ ಬೇರೆಯಾಗುತ್ತಿತ್ತು. ಒಟ್ಟು ಮೂವತ್ತೈದು ಡಬ್ಬಿ. ನನ್ನ ಜೊತೆ ರೊಟ್ಟಿ ಬಡಿಯುತ್ತಿದ್ದವಳು ಯಾದಗಿರಿಯ ಶರಣಮ್ಮ. ಅದಕ್ಕೆ ಮೊದಲು ಅದೇ ಕಟ್ಟಡಕ್ಕೆ ಸಿಮೆಂಟು ಹೊತ್ತವಳು. "ಆವಾಗ ಒಳಗ ಹೋಗಾಕ ಯಾರೂ ಕೇಳ್ತಿರಲಿಲ್ರಿ, ಈಗ ಪಾಸ್ ಕೇಳ್ತಾರ" ಎಂದು ಗೇಟಿನಲ್ಲಿ ದಿನಾ ಒಮ್ಮೆ ಗೊಣಗುವುದು ಅವಳ ರೂಢಿ.

ವ್ಯಾನು ನಮ್ಮ ಕೈಗೆ ಬರುವಷ್ಟರಲ್ಲಿ ಇಬ್ಬರ ಕೈ ದಾಟಿತ್ತು. ಎರಡನೆಯವನು ಮದುವೆ ಮಂಟಪಕ್ಕೆ ಹೂವು ಒಯ್ಯುತ್ತಿದ್ದವನು. ಮಳೆಗಾಲದಲ್ಲಿ ಹಿಂದಿನ ಬಾಗಿಲು ತೆರೆದರೆ ಕೊಳೆತ ಸೇವಂತಿಗೆಯ ವಾಸನೆ ಬರುತ್ತಿತ್ತು. ನಾನು ಅದರಲ್ಲೇ ಡ್ರೈವಿಂಗ್ ಕಲಿತೆ, ಅದೂ ನಲವತ್ತೊಂದನೇ ವಯಸ್ಸಿನಲ್ಲಿ. ಲೈಸೆನ್ಸ್ ಸಿಕ್ಕ ದಿನ ಯಜಮಾನರು ಪೇಢೆ ಹಂಚಿದರು. ಮರುದಿನ ನಾನು ನಿಜವಾಗಿಯೂ ಓಡಿಸಲು ಹೊರಟಾಗ ಅವರ ಮುಖ ಸಪ್ಪಗಾಯಿತು. ಲೈಸೆನ್ಸನ್ನು ಗೋಡೆಗೆ ತೂಗುಹಾಕುತ್ತೇನೆ ಎಂದುಕೊಂಡಿದ್ದರೋ ಏನೋ.

ಒಂದು ಬೇಸಿಗೆಯಲ್ಲಿ ವ್ಯಾನಿಗೆ ಈ ರೋಗ ಹತ್ತಿತು. ಮನೆಯಿಂದ ಚೆನ್ನಾಗಿಯೇ ಹೊರಡುತ್ತಿತ್ತು. ದಾರಿಯಲ್ಲಿ ಯಾವುದೋ ಸಿಗ್ನಲ್ಲಿನಲ್ಲಿ ಎಂಜಿನ್ ನಿಲ್ಲಿಸಿ ಮತ್ತೆ ಕೀ ತಿರುಗಿಸಿದರೆ ಸದ್ದೇ ಇಲ್ಲ. ದೀಪ ಉರಿಯುತ್ತದೆ, ಹಾರ್ನ್ ಹೊಡೆಯುತ್ತದೆ, ಎಂಜಿನ್ ಮಾತ್ರ ಮೌನವ್ರತ. ಹತ್ತು ಸಲ ತಿರುಗಿಸಿದ ಮೇಲೆ ಹನ್ನೊಂದನೆಯದಕ್ಕೆ ಏನೂ ಆಗಿಯೇ ಇಲ್ಲ ಎಂಬಂತೆ ಹೊರಡುತ್ತಿತ್ತು.

ಮೆಕ್ಯಾನಿಕ್ ಖಾದರ್ ಭಾಯ್ ಬಳಿಗೆ ಮೂರು ಸಲ ಒಯ್ದೆ. ಮೂರೂ ಸಲ ಅವರು ಕೂತು ಕೀ ತಿರುಗಿಸಿದರು, ಮೂರೂ ಸಲ ಎಂಜಿನ್ ಒಂದೇ ಏಟಿಗೆ ಎದ್ದಿತು. ಮೊದಲ ಸಲ ಬ್ಯಾಟರಿಯ ತುದಿಗಳನ್ನು ಉಜ್ಜಿದರು. ಎರಡನೇ ಸಲ ಬ್ಯಾಟರಿಯನ್ನೇ ಬದಲಿಸಿದರು. ಮೂರನೇ ಸಲ ಏನನ್ನೂ ಮುಟ್ಟದೆ, "ಗಾಡಿ ಬರಾಬರ್ ಹೈ ಅಮ್ಮಾ" ಎಂದು ನನ್ನನ್ನೇ ನೋಡಿದರು. ಕ್ಲಚ್ ಯಾವುದು, ಬ್ರೇಕ್ ಯಾವುದು ಗೊತ್ತಿದೆಯಲ್ಲವೇ ಎಂದು ಮೆತ್ತಗೆ ವಿಚಾರಿಸಿದರು. ಅವರು ಹಿರಿಯರು, ಒಳ್ಳೆಯ ಮನುಷ್ಯ. ಆದರೂ ಆ ಕ್ಷಣ ನನಗೆ ಅವರ ಸ್ಪ್ಯಾನರ್ ಮೇಲೆ ಕಣ್ಣು ಹೋದದ್ದು ನಿಜ.

ಮನೆಗೆ ಬಂದರೆ ಯಜಮಾನರದೂ ಅದೇ ರಾಗ. "ನಾ ಕುಂತ್ರ ಚಾಲೂ ಆಗತೈತಿ, ನೀ ಕುಂತ್ರ ಆಗಂಗಿಲ್ಲ. ಇದರಾಗ ತಿಳಕೊಳ್ಳಾಕ ಏನೈತಿ? ಮಾರಿಬಿಡೂಣು. ಡಬ್ಬಿ ಆಟೋದಾಗ ಕಳಸು."

ಅದೇ ವಾರ ಆ ಕಚೇರಿಯ ಆಡಳಿತ ನೋಡಿಕೊಳ್ಳುತ್ತಿದ್ದ ರಾವ್ ಗಾರು ನನ್ನನ್ನು ನಿಲ್ಲಿಸಿ, ಇನ್ನೊಂದು ಸಲ ಊಟ ತಡವಾದರೆ ಬೇರೆಯವರನ್ನು ನೋಡಬೇಕಾಗುತ್ತದೆ ಎಂದು ತೆಲುಗಿನಲ್ಲಿ ಬಹಳ ಮರ್ಯಾದೆಯಿಂದ ಹೇಳಿದರು. ಬೈದಿದ್ದರೆ ತಿರುಗಿ ಏನಾದರೂ ಹೇಳಬಹುದಿತ್ತು.

ಅಂದು ಸಂಜೆ ಯಜಮಾನರ ಮುಂದೆ ಚಹಾ ಇಟ್ಟು ಹೇಳಿದೆ: "ಗಾಡಿ ಮಾರಂಗಿಲ್ಲ. ಎಂಟು ದಿನ ಕೊಡ್ರಿ. ಅಷ್ಟರಾಗ ಅದರ ರೋಗ ಹುಡುಕಲಿಲ್ಲಂದ್ರ ನಾನ ಕೀಲಿ ತಂದು ನಿಮ್ಮ ಕೈಯಾಗ ಇಡ್ತೀನಿ."

"ಮೂರು ಸಲ ನೋಡಿದ ಮಿಸ್ತ್ರಿಗೆ ಸಿಗಲಾರದ್ದು ನಿನಗ ಸಿಗತೈತೇನು?" ಎಂದರು.

"ಅವರಿಗೆ ಅದು ಒಮ್ಮೆನೂ ಕೈ ಕೊಟ್ಟಿಲ್ರಿ. ನನಗ ದಿನಾ ಕೊಡತೈತಿ. ನನಗಿಂತ ಹೆಚ್ಚು ಯಾರಿಗೆ ಗೊತ್ತಿರತೈತಿ?" ಎಂದೆ. ಹೇಳುವಾಗ ಧೈರ್ಯವಾಗಿಯೇ ಹೇಳಿದೆ. ಆದರೆ ಎಂಜಿನ್ ಮುಂದಿನ ಸೀಟುಗಳ ಕೆಳಗಿದೆ ಎಂಬುದರ ಹೊರತು ಅದರ ಬಗ್ಗೆ ನನಗೆ ಗೊತ್ತಿದ್ದುದು ಏನೂ ಇರಲಿಲ್ಲ.

ಮರುದಿನದಿಂದ ವ್ಯಾನು ಎಲ್ಲಿ ನಿಂತಿತು, ಆಗ ಬಿಸಿಲೋ ಮೋಡವೋ, ಡಬ್ಬಿ ತುಂಬಿತ್ತೋ ಖಾಲಿಯೋ ಎಂದು ಕ್ಯಾಲೆಂಡರಿನ ಹಿಂದೆ ಬರೆಯತೊಡಗಿದೆ. ಮೊದಲು ಬಿಸಿಲಿನ ಮೇಲೆ ಗುಮಾನಿ ಬಂತು. ಎರಡನೇ ದಿನ ಸುಡುಬಿಸಿಲಿನಲ್ಲಿ ಆರು ಸಲ ಹೊರಟು ನನಗೆ ಮುಖಭಂಗ ಮಾಡಿತು. ಆಮೇಲೆ ಭಾರದ ಮೇಲೆ. ಖಾಲಿ ಡಬ್ಬಿಗಳೊಂದಿಗೆ ಮರಳುವಾಗಲೂ ನಿಂತಿತು. ನಾಲ್ಕನೇ ದಿನ ನನ್ನ ಬುದ್ಧಿ ಮಂಗಳವಾರದ ಮೇಲೆ ಹೋಗಿತ್ತು ಎಂಬುದನ್ನು ನಾಚಿಕೆಯಿಂದಲೇ ಒಪ್ಪಿಕೊಳ್ಳುತ್ತೇನೆ.

ಐದನೇ ದಿನ ದೊಡ್ಡ ಸಿಗ್ನಲ್ಲಿನ ನಟ್ಟನಡುವೆ ಕೈ ಕೊಟ್ಟಿತು. ಹಿಂದೆ ಲಾರಿ, ಬಸ್ಸು, ಕಂಪನಿ ಕ್ಯಾಬುಗಳ ಹಾರ್ನು. ಒಬ್ಬ ಕ್ಯಾಬ್ ಡ್ರೈವರ್ ಇಳಿದು ಬಂದು, "ನೀವು ಇಳೀರಿ ಮೇಡಂ" ಎಂದು ನನ್ನ ಜಾಗದಲ್ಲಿ ಕೂತು ಕೀ ತಿರುಗಿಸಿದ. ಹೊರಟಿತು. ಅವನು ಇಳಿದು ಹೋಗುವಾಗ ನೋಡಿದ ನೋಟ ನನಗೆ ಈಗಲೂ ನೆನಪಿದೆ. ನಾನು ಹತ್ತಿ, ಸೀಟನ್ನು ಮತ್ತೆ ಮುಂದಕ್ಕೆ ಎಳೆದುಕೊಂಡು ಓಡಿಸಿದೆ.

ಪಕ್ಕದಲ್ಲಿ ಡಬ್ಬಿ ಅಪ್ಪಿಕೊಂಡು ಕೂತಿದ್ದ ಶರಣಮ್ಮ, "ಅಕ್ಕಾರ, ಒಂದು ಮಾತು ಕೇಳ್ಲೇನ್ರಿ? ಈ ಗಂಡಸರು ಕುಂದ್ರೂದಕ್ಕ ಮೊದಲ ಸೀಟ್ ಯಾಕ ಹಿಂದಕ್ಕ ದಬ್ಬತಾರ?" ಎಂದಳು.

"ಅವರ ಕಾಲು ಉದ್ದ ಇರ್ತಾವ, ಅದಕ್ಕ" ಎಂದೆ. ಹೇಳಿದ ಮೇಲೆ ನಾನು ಹೇಳಿದ್ದೇನೆಂದು ನನಗೇ ಹೊಳೆಯಿತು.

ನನ್ನ ಎತ್ತರ ಐದಡಿಗೆ ಒಂದು ಇಂಚು ಕಡಿಮೆ. ಮನೆಯಿಂದ ಹೊರಡುವಾಗ ಸೀಟನ್ನು ಸಾಕಷ್ಟು ಮುಂದಕ್ಕೆ ಎಳೆದುಕೊಳ್ಳುತ್ತೇನೆ. ಗದ್ದಲದ ಜಾಗ ಬಂದರೆ ಹೆದರಿ ಸೀಟಿನ ಹಳಿಯಲ್ಲಿ ಇನ್ನೂ ಒಂದು ಹಲ್ಲು ಮುಂದಕ್ಕೆ. ಖಾದರ್ ಭಾಯ್, ಯಜಮಾನರು, ಕ್ಯಾಬಿನವನು ಎಲ್ಲರೂ ಉದ್ದದವರು. ಕೂರುವ ಮೊದಲು ಸೀಟು ಹಿಂದೆ ಹೋಗುತ್ತಿತ್ತು.

ಊಟ ಇಳಿಸಿ, ಗೇಟಿನ ಹೊರಗೆ ಮರದ ಕೆಳಗೆ ನಿಲ್ಲಿಸಿ ಪರೀಕ್ಷೆ ಶುರು ಮಾಡಿದೆ. ಸೀಟು ಹಿಂದೆ ಇದ್ದಾಗ ಹೊರಟಿತು. ನಡುವೆ ಇದ್ದಾಗಲೂ ಹೊರಟಿತು. ಕೊನೆಯ ಹಲ್ಲಿಗೆ ತಂದರೆ ಸತ್ತುಹೋಯಿತು. ಹಿಂದೆ ದಬ್ಬಿದರೆ ಮತ್ತೆ ಜೀವ. ಇಬ್ಬರೂ ಸೇರಿ ಸೀಟು ಎತ್ತಿ ಬಗ್ಗಿ ನೋಡಿದೆವು. ಸ್ಟಾರ್ಟರಿಗೆ ಹೋಗುವ ಒಂದು ತೆಳ್ಳನೆಯ ವೈರು ಸೀಟಿನ ಹಳಿಗೆ ಸಿಕ್ಕಿಕೊಂಡಿತ್ತು. ಸೀಟು ಮುಂದೆ ಬಂದಂತೆ ಅದು ಬಿಗಿದು, ತುದಿಯ ಕ್ಲಿಪ್ಪು ಅರ್ಧ ಕಳಚಿಕೊಳ್ಳುತ್ತಿತ್ತು; ಕೂತವರು ಮಿಸುಕಾಡಿದರೆ ಒಮ್ಮೊಮ್ಮೆ ಮತ್ತೆ ತಾಗುತ್ತಿತ್ತು. ಬೆರಳಿನಲ್ಲಿ ಮುಟ್ಟಿ ನೋಡಿದೆ. ಇಷ್ಟು ದಿನ ನನ್ನನ್ನು ದಡ್ಡಿ ಮಾಡಿದ್ದು ಬಳೆಯಷ್ಟೂ ದಪ್ಪವಿರದ ಒಂದು ತಂತಿ.

ಭಾನುವಾರ ಯಜಮಾನರನ್ನೂ ಕೂರಿಸಿಕೊಂಡು ಖಾದರ್ ಭಾಯ್ ಹತ್ತಿರ ಹೋದೆ. ಏನೂ ವಿವರಿಸದೆ, ಸೀಟನ್ನು ಕೊನೆಯ ಹಲ್ಲಿಗೆ ತಂದು, ಅದು ನನ್ನಳತೆಯಲ್ಲಿದ್ದಂತೆಯೇ ಕೂರಬೇಕೆಂದು ಕೇಳಿಕೊಂಡೆ. ಆರಡಿಯ ಮನುಷ್ಯ ಮೊಣಕಾಲನ್ನು ಗಲ್ಲಕ್ಕೆ ತಾಗಿಸಿಕೊಂಡು ಒಳಗೆ ತೂರಿದರು. ಕೀ ತಿರುಗಿಸಿದರು. ಮೌನ. ಇನ್ನೊಮ್ಮೆ ತಿರುಗಿಸಿದರು. ಮೌನ.

"ಗಾಡಿ ಬರಾಬರ್ ಹೈ ಕ್ಯಾ, ಭಾಯ್?" ಎಂದೆ.

ಅವರು ಕಷ್ಟಪಟ್ಟು ಹೊರಬಂದು, ವೈರಿಗೆ ಇನ್ನೊಂದು ಗೇಣು ಜೋಡಿಸಿ, ಹಳಿಯಿಂದ ದೂರ ಕಟ್ಟಿದರು. ಆಮೇಲೆ ಕೈ ಒರೆಸಿಕೊಳ್ಳುತ್ತಾ, ಇಷ್ಟು ವರ್ಷದಲ್ಲಿ ಹೀಗೆ ಕೂತು ಓಡಿಸುವವರನ್ನು ತಾವು ಕಂಡಿರಲಿಲ್ಲ, ತಪ್ಪಾಯಿತು ಎಂದು ಒಪ್ಪಿಕೊಂಡರು. ಯಜಮಾನರು ಅಷ್ಟು ಸುಲಭಕ್ಕೆ ಬಗ್ಗುವವರಲ್ಲ. ದಾರಿಯುದ್ದಕ್ಕೂ ಯೋಚಿಸಿ, ಮನೆಯ ಹತ್ತಿರ ಬಂದ ಮೇಲೆ ಹೇಳಿದರು: "ಅಂದ್ರ ನೀ ಕುಂತ್ರ ಚಾಲೂ ಆಗಂಗಿಲ್ಲ ಅಂತ ನಾ ಹೇಳಿದ್ದು ಖರೇನ ಆತಲ್ಲ."

ಅಂದಿನಿಂದ ವ್ಯಾನು ಒಂದು ದಿನವೂ ಕೈ ಕೊಡಲಿಲ್ಲ. ಈ ಕಥೆಯನ್ನು ನಾನು ಸಿಕ್ಕವರಿಗೆಲ್ಲ ಹೇಳಿದೆ. ರಾವ್ ಗಾರು ಅವರನ್ನಂತೂ ಗೇಟಿನ ತನಕ ಕರೆತಂದು, ಸೀಟು ಹಿಂದೆ ಮುಂದೆ ಎಳೆದು, ಇನ್ನು ಇದು ನಿಲ್ಲುವ ಮಾತೇ ಇಲ್ಲ ಎಂದು ಸಾಬೀತುಮಾಡಿ ತೋರಿಸಿದೆ. ಅವರು ಎಲ್ಲವನ್ನೂ ಶ್ರದ್ಧೆಯಿಂದ ನೋಡಿ ತಲೆದೂಗಿದರು.

ಹದಿನೈದು ದಿನ ಕಳೆದಿರಬೇಕು. ಒಂದು ಬೆಳಗ್ಗೆ ಪಕ್ಕದ ಮನೆಯವರ ಮಗಳ ಮದುವೆಯ ಸೀರೆಗಳನ್ನು ನೋಡುತ್ತಾ ಕೂತು, ನಾನೂ ಶರಣಮ್ಮನೂ ಹೊತ್ತು ಮರೆತೆವು. ಕಚೇರಿ ಮುಟ್ಟಿದಾಗ ಅರ್ಧ ಗಂಟೆ ತಡ. ರಾವ್ ಗಾರು ಬಾಗಿಲಲ್ಲೇ ನಿಂತಿದ್ದರು. ರೂಢಿಯಂತೆ "ವ್ಯಾನು..." ಎಂದು ಬಾಯಿ ತೆರೆದೆ, ತೆರೆದದ್ದು ಹಾಗೆಯೇ ನಿಂತಿತು. ಇಲ್ಲಿ ಒಂದು ವಿಷಯ ಹೇಳಿಬಿಡುವುದು ಒಳ್ಳೆಯದು. ಆ ಬೇಸಿಗೆಯಲ್ಲಿ ಊಟ ತಡವಾದ ದಿನಗಳಲ್ಲಿ ಅರ್ಧಕ್ಕೆ ಮಾತ್ರ ವ್ಯಾನು ಕಾರಣ. ಉಳಿದರ್ಧಕ್ಕೆ ಇಂಥವೇ ಸೀರೆಗಳು. ನನ್ನ ಕೈಯಾರೆ ಸರಿಮಾಡಿಸಿ, ಸಾಕ್ಷಿಸಮೇತ ತೋರಿಸಿ, ಇದ್ದ ಒಂದೇ ನೆಪವನ್ನು ನಾನೇ ಕಳೆದುಕೊಂಡಿದ್ದೆ.

"ತಪ್ಪು ನನ್ನದು" ಎಂಬುದನ್ನು ತೆಲುಗಿನಲ್ಲಿ ಹೇಗೆ ಹೇಳುವುದೆಂದು ಯೋಚಿಸುತ್ತಾ ನಿಂತೆ. ಹೈದರಾಬಾದಿಗೆ ಬಂದು ಹದಿನೆಂಟು ವರ್ಷವಾಗಿತ್ತು. ಆ ಒಂದು ವಾಕ್ಯ ಅಲ್ಲಿಯವರೆಗೆ ಬೇಕಾಗಿಯೇ ಇರಲಿಲ್ಲ.