ಹನ್ನೊಂದು ಹೋಂಸ್ಟೇಗೆ ಒಂದೇ ಹಸಿರು

2006ರ ಜೂನ್‌ನ ಒಂದು ಬೆಳಿಗ್ಗೆ ಮೂಡಿಗೆರೆ ಸುತ್ತಲಿನ ಹನ್ನೊಂದು ಹೋಂಸ್ಟೇಗಳ ಬುಕಿಂಗ್ ಫಾರಂಗಳು ಒಟ್ಟಿಗೇ ಕೆಂಪಾದವು. ಮಾಡಿದವರು ನಮ್ಮ ಚಿಕ್ಕಪ್ಪ. ಬಣ್ಣದ ವಿಚಾರದಲ್ಲಿ ಇಡೀ ಜಿಲ್ಲೆಗೆ ಅವರೊಬ್ಬರೇ ತಜ್ಞರು. ಆಧಾರ ಬೇಕೇ? ಅವರನ್ನೇ ಕೇಳಿ!

ಮೂಡಿಗೆರೆಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದ ಅವರು ಒಂದೇ ಒಂದು ಫಾರಂ ತಯಾರಿಸಿ, ಅದನ್ನೇ ಹನ್ನೊಂದು ವೆಬ್‌ಸೈಟ್‌ಗಳಿಗೂ ಹಾಕಿದ್ದರು. ಅದರ ಅಂದಚೆಂದವೆಲ್ಲ ಒಂದು ಫೈಲಿನಲ್ಲಿತ್ತು: ಕಡುಹಸಿರು ಹಿನ್ನೆಲೆ, ಮೇಲೆ ಹಳದಿಯ ದಪ್ಪ ಅಕ್ಷರ. ಇದು ಡಿಫಾಲ್ಟ್, ಅಂದರೆ ಯಾರೂ ಏನೂ ಹೇಳದಿದ್ದರೆ ತಾನಾಗಿ ಬರುವ ಬಣ್ಣ. ಒಪ್ಪದವರು ತಮ್ಮ ಬಣ್ಣವನ್ನು ಬೇರೊಂದು ಫೈಲಿನಲ್ಲಿ ಬರೆಸಿಕೊಳ್ಳುವ ಅನುಕೂಲವೂ ಇತ್ತು. ಚಿಕ್ಕಪ್ಪ ಅದನ್ನು ಯಾರಿಗೂ ಹೇಳಿರಲಿಲ್ಲ, ಅಷ್ಟೇ!

ಬಣಕಲ್ಲಿನ ಗೌಡರು ಪಟ್ಟು ಹಿಡಿದರು. "ನಮ್ ಎಸ್ಟೇಟ್ ಗೇಟು ಕೆಂಪು. ಫಾರಮ್ಮೂ ಕೆಂಪಿರ್ಲಿ ಮಾರಾಯ."

ಚಿಕ್ಕಪ್ಪ ಹಟಕ್ಕೆ ಬಿದ್ದು, ಬೇರೆ ಫೈಲಿನ ಸುದ್ದಿ ಎತ್ತದೆ ಮೂಲ ಫೈಲನ್ನೇ ತಿದ್ದಿದರು. ಆಲ್ದೂರಿನ ಹೋಂಸ್ಟೇಯವರ ಫೋನ್ ಬಂತು.

"ರೀ, ನಮ್ದೂ ಕೆಂಪಾಗಿದೆಯಲ್ರೀ!"

"ಕಾಫಿ ಹಣ್ಣಾಗಿದೆ ಅಂದ್ಕೊಳ್ಳಿ. ಕುಯ್ಲಿಗೆ ಆಳು ಕಳಿಸ್ಲಾ?"

ಅದೇ ವಾರ ಬೇರೆ ಫೈಲಿನ ಗುಟ್ಟು ರಟ್ಟಾಯಿತು. ಎಲ್ಲರೂ ತಂತಮ್ಮ ಬಣ್ಣ ಬರೆಸಿಕೊಂಡರು. ಕಳಸದವರಿಗೆ ಚಿರತೆ ಚರ್ಮದ ಹಿನ್ನೆಲೆ. ಆಲ್ದೂರಿನವರಿಗೆ ಎಲ್ಲವೂ ಡೀಸೆಂಟ್ ಆಗಿರಬೇಕು: ಬಿಳಿಯ ಮೇಲೆ ತೆಳು ಬೂದಿ, ಸಾಸಿವೆಯಷ್ಟು ಅಕ್ಷರ.

ಈ ಸೌಂದರ್ಯವನ್ನೆಲ್ಲ ದಿನವೂ ಓದಬೇಕಾದವರು ಚಿಕ್ಕಮ್ಮ. ಅದೇ ಫಾರಂಗಳಲ್ಲಿ ತುಂಬಿ ಬಂದ ಬುಕಿಂಗ್‌ಗಳನ್ನು ನೋಡಿ, ಎಷ್ಟು ಜನ ಬರುತ್ತಾರೆಂದು ಮಾಲೀಕರಿಗೆ ಫೋನಿನಲ್ಲಿ ತಿಳಿಸುವುದು ಅವರ ಕೆಲಸ. ಮದುವೆಯಾದ ಮೇಲೆ ಮನೆಯ ಹೊರಗೆ ಹಿಡಿದ ಮೊದಲ ಕೆಲಸ. ಅವರ ಕಣ್ಣು ಮಂಜಾಗುತ್ತಿತ್ತು. ಬೂದಿ ಬಣ್ಣದ ಮೂರು ಎಂಟಾಗಿ ಕಂಡಿತು. ಆಲ್ದೂರಿನಲ್ಲಿ ಎಂಟು ಜನಕ್ಕೆ ಕಡುಬು ಬೆಂದಿತು, ಬಂದವರು ಮೂವರು.

"ಅವ್ರನ್ನ ಬಿಡಿಸಿ, ಬೇರೆ ಯಾರನ್ನಾದ್ರೂ ಕೂರ್ಸಿ" ಎಂದರು ಆಲ್ದೂರಿನವರು.

"ನಾನು ಮನೇಲೇ ಇರ್ತೀನಿ ಬಿಡಿ" ಎಂದು ಚಿಕ್ಕಮ್ಮ ಕನ್ನಡಕ ಒರೆಸಿದರು.

ಚಿಕ್ಕಪ್ಪ ಅವರ ಪಕ್ಕಕ್ಕೆ ಕುರ್ಚಿ ಎಳೆದುಕೊಂಡರು. ಯಾವ ಗಿರಾಕಿಯನ್ನೂ ಕೇಳದ ಪ್ರಶ್ನೆ ಕೇಳಿದರು.

"ನಿಂಗೆ ಯಾವ ಬಣ್ಣ ಬೇಕು?"

"ಕಪ್ಪಿನ ಮೇಲೆ ಬಿಳಿ. ನಿಮ್ಮ ಹಸಿರು ಹಳದಿ ಒಂದು ಬೇಡ. ಮೊದ್ಲಿಂದ್ಲೂ ನಂಗದು ಆಗ್ತಿರ್ಲಿಲ್ಲ."

ತಜ್ಞರು ಕೀಬೋರ್ಡ್ ಎಳೆದುಕೊಂಡರು. ಮಾಲೀಕರು ಯಾವ ಬಣ್ಣವನ್ನೇ ಬರೆಸಿರಲಿ, ಚಿಕ್ಕಮ್ಮನ ಕಂಪ್ಯೂಟರಿನಲ್ಲಿ ಮಾತ್ರ ಎಲ್ಲವೂ ಅವರು ಹೇಳಿದಂತೆ ಕಾಣುವ ಹಾಗೆ ಹೊಸ ಫೈಲೊಂದನ್ನು ಬರೆದರು.

ಈಗ 2009. ಚಿಕ್ಕಮ್ಮನ ಪರದೆಯಲ್ಲಿ ಅಕ್ಷರಗಳು ಅಂಗೈಯಷ್ಟಾಗಿವೆ, ಒಂದು ಸಲಕ್ಕೆ ಒಂದೇ ಹೆಸರು ಹಿಡಿಯುತ್ತದೆ. ಬುಕಿಂಗ್ ಈಗಲೂ ಚಿಕ್ಕಮ್ಮನೇ ನೋಡುತ್ತಾರೆ.